ಪೈಥಾನ್ ಕೈಪಿಡಿ ತಿದ್ದಲು ನಿಮ್ಮ ಲ್ಯಾಪ್‌ಟಾಪೇ ಸಾಕು

ಪೈಥಾನ್ ಕಲಿಯುವವರು ಒಂದಲ್ಲ ಒಂದು ದಿನ ಅದರ ಅಧಿಕೃತ ಕೈಪಿಡಿ ತೆರೆದೇ ತೆರೆಯುತ್ತಾರೆ. ಓದುತ್ತ ಹೋದಂತೆ ಎಲ್ಲೋ ಒಂದು ವಾಕ್ಯ ಗೊಂದಲ ಹುಟ್ಟಿಸುತ್ತದೆ, ಇನ್ನೆಲ್ಲೋ ಉದಾಹರಣೆ ಸಾಲದು ಅನ್ನಿಸುತ್ತದೆ. ಅದನ್ನು ತಿದ್ದಿ ಕಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದು ನಮ್ಮ ಎಷ್ಟೋ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗೊತ್ತೇ ಇಲ್ಲ.

ಕೈಪಿಡಿಯ ಮೂಲ ಪಠ್ಯ ಇರುವುದು ಪೈಥಾನ್ ಕೋಡ್ ಇರುವ ಗಿಟ್‌ಹಬ್ ರೆಪೊಸಿಟರಿಯಲ್ಲೇ, ‘ಡಾಕ್’ ಎಂಬ ಫೋಲ್ಡರಿನಲ್ಲಿ. ಎಲ್ಲವೂ ಸಾದಾ ಪಠ್ಯದ ಫೈಲುಗಳು. ಅವನ್ನು ವೆಬ್ ಪುಟಗಳಾಗಿಸುವ ತಂತ್ರಾಂಶ ಸ್ಫಿಂಕ್ಸ್. ಗಿಯೋರ್ಗ್ ಬ್ರಾಂಡ್ಲ್ ಅದನ್ನು ಈ ಕೈಪಿಡಿಗೆಂದೇ ಬರೆದು 2008ರಲ್ಲಿ ಬಿಡುಗಡೆ ಮಾಡಿದರು. ಅದಕ್ಕೂ ಮುಂಚೆ ಕೈಪಿಡಿ ಲೇಟೆಕ್‌ನಲ್ಲಿತ್ತು.

ಒಂದು ಅಕ್ಷರ ತಿದ್ದಲು ಬ್ರೌಸರೇ ಸಾಕು. ಒಂದು ಪ್ಯಾರಾ ಬದಲಿಸಬೇಕೆಂದರೆ ಮಾತ್ರ ಇಡೀ ವ್ಯವಸ್ಥೆಯನ್ನು ನಿಮ್ಮ ಯಂತ್ರದಲ್ಲೇ ಹೂಡಿಕೊಳ್ಳಿ. ರೆಪೊಸಿಟರಿಯನ್ನು ಫೋರ್ಕ್ ಮಾಡಿ, ಕ್ಲೋನ್ ಮಾಡಿ. ದಶಕಗಳ ಇತಿಹಾಸವೆಲ್ಲ ಬೇಡವಾದರೆ ಕ್ಲೋನ್ ಮಾಡುವಾಗಲೇ ‘ಡೆಪ್ತ್ 1’ ಎಂದು ಸೂಚಿಸಿ. ಮೊಬೈಲ್ ಡೇಟಾ ನಂಬಿಕೊಂಡವರಿಗೆ ಇದು ದೊಡ್ಡ ಉಳಿತಾಯ. ‘ಡಾಕ್’ ಫೋಲ್ಡರಿಗೆ ಹೋಗಿ ‘ಮೇಕ್ ವೆನ್ವ್’ ಎಂದು ಕೊಟ್ಟರೆ ಸ್ಫಿಂಕ್ಸ್ ಮತ್ತು ಅದಕ್ಕೆ ಬೇಕಾದ ಲೈಬ್ರರಿಗಳು ಪ್ರತ್ಯೇಕ ಜಾಗದಲ್ಲಿ ಕೂರುತ್ತವೆ, ನಿಮ್ಮ ಬೇರೆ ಕೆಲಸಗಳ ಪೈಥಾನಿಗೆ ಧಕ್ಕೆಯಿಲ್ಲ. ಆಮೇಲೆ ‘ಮೇಕ್ ಎಚ್‌ಟಿಎಂಎಲ್’. ಮೊದಲ ಸಲ ನೂರಾರು ಫೈಲು ಓದಬೇಕಾದ್ದರಿಂದ ನಿಧಾನ. ಮುಂದೆ ಬದಲಾದ ಪುಟಗಳಷ್ಟನ್ನೇ ಮುಟ್ಟುತ್ತದೆ. ಒಮ್ಮೆ ಇಷ್ಟಾದರೆ ಇಂಟರ್‌ನೆಟ್ ಹೋದರೂ ತಿದ್ದುವ ಕೆಲಸ ನಿಲ್ಲುವುದಿಲ್ಲ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಒಂದು ಸಣ್ಣ ಚಿಹ್ನೆ ತೋರಿಸುತ್ತೇನೆ. ಫಂಕ್ಷನ್ನಿನ ಹೆಸರನ್ನು ಕೋಡ್‌ನಂತೆ ಕಾಣಿಸಲು ಮಾರ್ಕ್‌ಡೌನ್‌ನಲ್ಲಿ ಆಚೀಚೆ ಒಂದೊಂದು ಬ್ಯಾಕ್‌ಟಿಕ್ ಸಾಕು. ಕೈಪಿಡಿಯ ಫೈಲುಗಳಲ್ಲಿ ಎರಡೆರಡು ಬೇಕು. ಒಂದೇ ಹಾಕಿದರೂ ಸ್ಫಿಂಕ್ಸ್ ಸಾಮಾನ್ಯವಾಗಿ ತಕರಾರು ಮಾಡದೆ ಪದವನ್ನು ಓರೆಯಾಗಿಸಿಬಿಡುತ್ತದೆ. ಎಡಿಟರಿನಲ್ಲಿ ಕಣ್ಣಿಗೆ ಬೀಳದ ಈ ತಪ್ಪು, ಬ್ರೌಸರಿನಲ್ಲಿ ಪುಟ ತೆರೆದ ಕ್ಷಣ ಎದ್ದು ಕಾಣುತ್ತದೆ. ಶೀರ್ಷಿಕೆಯ ಕೆಳಗಿನ ಗೆರೆ ಶೀರ್ಷಿಕೆಗಿಂತ ಗಿಡ್ಡವಾದರೆ ಮಾತ್ರ ಅದು ಸಾಲಿನ ಸಂಖ್ಯೆ ಸಮೇತ ಎಚ್ಚರಿಸುತ್ತದೆ. ಈ ಎಚ್ಚರಿಕೆಗಳನ್ನು ದಾಟಿಹೋಗಬೇಡಿ, ಒಂದೊಂದನ್ನೂ ಓದಿ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ‘ಮೇಕ್ ಡಾಕ್‌ಟೆಸ್ಟ್’. ಕೈಪಿಡಿಯೊಳಗಿನ ಉದಾಹರಣೆಗಳನ್ನು ಅದು ನಿಜವಾಗಿ ಓಡಿಸಿ, ಬಂದ ಉತ್ತರವನ್ನು ಪುಟದಲ್ಲಿ ಅಚ್ಚಾದ ಉತ್ತರದ ಜತೆ ಹೋಲಿಸುತ್ತದೆ. ಪಠ್ಯಪುಸ್ತಕದ ಲೆಕ್ಕ ತಾಳೆಯಾಗದೆ ತಾವೇ ದಡ್ಡರೆಂದುಕೊಂಡ ಹುಡುಗರನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಕಲಿಯುವವರ ಸಮಯಕ್ಕೆ ಕೊಡುವ ಗೌರವ ಇದು.

ಕೊನೆಗೆ ‘ಮೇಕ್ ಚೆಕ್’ ಓಡಿಸಿ, ನಿಮ್ಮದೇ ಬ್ರಾಂಚಿನಿಂದ ಪುಲ್ ರಿಕ್ವೆಸ್ಟ್ ಕಳಿಸಿ. ಮೊದಲ ಸಲವಾದರೆ ಕೊಡುಗೆದಾರರ ಒಪ್ಪಂದಕ್ಕೆ ಆನ್‌ಲೈನ್‌ನಲ್ಲೇ ಸಹಿ ಹಾಕಬೇಕಾಗುತ್ತದೆ. ಪರಿಶೀಲಿಸುವವರಲ್ಲಿ ಬಹಳಷ್ಟು ಮಂದಿ ಸ್ವಯಂಸೇವಕರು, ಉತ್ತರ ತಡವಾಗಬಹುದು. ವಿವರಣೆಯಲ್ಲಿ ಏನು ಬದಲಿಸಿದಿರಿ ಎಂಬುದರ ಜತೆಗೆ, ಹಳೆಯ ವಾಕ್ಯ ಓದುಗರನ್ನು ಎಲ್ಲಿ ದಾರಿ ತಪ್ಪಿಸುತ್ತಿತ್ತು ಎಂಬುದನ್ನೂ ಎರಡು ಸಾಲಿನಲ್ಲಿ ಬರೆಯಿರಿ.