ಮೆಣಸಿನ ದಾರಿಯ ಆಚೆ ತುದಿ

ಲಿಸ್ಬನ್‌ನಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಪೋರ್ಚುಗೀಸ್ ಪದ ನನಗೆ ಮೊದಲೇ ಗೊತ್ತಿತ್ತು. ರಾತ್ರಿ ವಸತಿಗೃಹದ ಅಜ್ಜಿ ಕೋಣೆಯ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿ ‘ಶಾವಿ’ ಎಂದರು. ಹೊನ್ನಾವರದ ನಮ್ಮ ಮನೆಯಲ್ಲಿ ಅದು ಚಾವಿ. ಬೆಳಿಗ್ಗೆ ಓಣಿಯ ಮೆಟ್ಟಿಲು ತೊಳೆಯುತ್ತಿದ್ದ ಹೆಂಗಸಿನ ಪಕ್ಕದಲ್ಲಿ ಒಂದು ಬಾಲ್ದಿ ಇತ್ತು, ಅವರಿಗದು ‘ಬಾಲ್ದ್’. ತರಕಾರಿ ಅಂಗಡಿಯ ಹಲಗೆಯ ಮೇಲೆ ಬಟಾಟೆ, ಅನಾನಸು. ಪಾದ್ರಿ, ಇಗರ್ಜಿ, ಪಗಾರ, ಲಿಲಾವು ಎಲ್ಲ ಇಲ್ಲಿಂದಲೇ ಹಡಗು ಹತ್ತಿ ಬಂದವು. ಜೊತೆಗೆ ನಾಲ್ಕು ಜನರಿದ್ದಿದ್ದರೆ ನಮ್ಮ ಗದ್ದಲದಲ್ಲಿ ಇದೊಂದೂ ಕೇಳಿಸುತ್ತಿರಲಿಲ್ಲ. ಒಬ್ಬರೇ ತಿರುಗುವುದರಲ್ಲಿ ಇದೊಂದು ಲಾಭ: ಬಾಯಿ ಮುಚ್ಚಿರುತ್ತದೆ, ಕಿವಿ ತೆರೆದಿರುತ್ತದೆ.

ಇದ್ದದ್ದು ಒಂದೇ ದಿನ. 28ನೇ ನಂಬರಿನ ಹಳದಿ ಟ್ರಾಂ ತಪ್ಪಿಸಬೇಡಿ ಎಂದು ಎಲ್ಲರೂ ಹೇಳಿದ್ದರು. ಅದರ ಸಾಲು ನೋಡಿ ಕೈಬಿಟ್ಟೆ, ಬೇಸರವೇನೂ ಆಗಲಿಲ್ಲ. 15ನೇ ನಂಬರಿನ ಟ್ರಾಂ ಹತ್ತಿ, ತೇಜು ನದಿಯ ದಂಡೆಗುಂಟ ಬೆಲೆಂಗೆ ಹೊರಟೆ.

1497ರ ಜುಲೈಯಲ್ಲಿ ವಾಸ್ಕೋ ಡ ಗಾಮ ಹಡಗು ಬಿಟ್ಟದ್ದು ಈ ಬೆಲೆಂನಿಂದ. ಆಗ ಇಲ್ಲಿದ್ದದ್ದು ಸಣ್ಣದೊಂದು ಪ್ರಾರ್ಥನಾಮಂದಿರ. ಅದೇ ಜಾಗದಲ್ಲಿ ಈಗ ಜೆರೋನಿಮೋಸ್ ಮಠವಿದೆ. ಬಿಳಿ ಸುಣ್ಣಕಲ್ಲಿನಲ್ಲಿ ಹಡಗಿನ ಹಗ್ಗ, ಗಂಟು, ಬಳ್ಳಿಗಳನ್ನು ಕೆತ್ತಿದ್ದಾರೆ. ಬೇಲೂರು ನೋಡಿದವರನ್ನು ಬೆರಗುಗೊಳಿಸುವುದು ಸುಲಭವಲ್ಲ, ಆದರೂ ಒಳಗೆ ಕಾಲಿಟ್ಟವಳು ತಲೆಯೆತ್ತಿ ನಿಂತೇ ಬಿಟ್ಟೆ. ಕಂಬಗಳು ತಾಳೆಮರದಂತೆ ಮೇಲೇರಿ, ಚಾವಣಿಯಲ್ಲಿ ಗರಿಬಿಚ್ಚಿವೆ. 1501ರಲ್ಲಿ ಶುರುವಾದ ಈ ಕಟ್ಟಡ ಮುಗಿಯಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು. ದುಡ್ಡು ಬಂದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಸುಮಾರು ಶೇ 5ರ ತೆರಿಗೆಯಿಂದ. ಆ ತೆರಿಗೆಯ ಹೆಸರೇ ‘ಮೆಣಸಿನ ಇಪ್ಪತ್ತನೇ ಪಾಲು’. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಇದೇ ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದರು. ನಮ್ಮ ತಾಲ್ಲೂಕಿನ ಬಳ್ಳಿಯ ಕಾಳು ಕೊನೆಗೆ ಎಂಥ ಊರನ್ನು ಕೊಬ್ಬಿಸಿತು ಎಂದು ನೋಡಲಿಕ್ಕಾದರೂ ಇಲ್ಲಿಗೆ ಬರಬೇಕಿತ್ತು.

ಬಾಗಿಲು ದಾಟುತ್ತಲೇ ಗಾಮನ ಸಮಾಧಿ. ಕೊಚ್ಚಿಗೆ ಪ್ರವಾಸ ಹೋದವರು ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಅವನ ಖಾಲಿ ಗೋರಿ ನೋಡಿರುತ್ತೀರಿ. 1524ರ ಕ್ರಿಸ್‌ಮಸ್ ಹಿಂದಿನ ದಿನ ಆತ ಸತ್ತದ್ದು ಕೊಚ್ಚಿಯಲ್ಲಿ. ಎಲುಬುಗಳು ಪೋರ್ಚುಗಲ್ಲಿಗೆ ಬಂದದ್ದು 1539ರಲ್ಲಿ. ಈ ಮಠ ಸೇರಿದ್ದು 1880ರಲ್ಲಿ. ಕಲ್ಲಿನಲ್ಲಿ ಕೈಮುಗಿದು ಮಲಗಿದ್ದಾನೆ. ಸಿಟ್ಟು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ. ಪಕ್ಕದಲ್ಲಿ ಶಾಲೆ ಮಕ್ಕಳ ಗುಂಪೊಂದು ಟೀಚರ್ ಹೇಳಿದ್ದನ್ನು ಬರೆದುಕೊಳ್ಳುತ್ತಿತ್ತು. ನಾನೂ ಆರನೇ ಕ್ಲಾಸಿನಲ್ಲಿ ‘ಭಾರತಕ್ಕೆ ಜಲಮಾರ್ಗ ಕಂಡುಹಿಡಿದವರು ಯಾರು?’ ಎಂಬ ಪ್ರಶ್ನೆಗೆ ಉತ್ತರ ಬರೆದು ಒಂದು ಅಂಕ ತೆಗೆದುಕೊಂಡವಳೇ.

ಸಿಟ್ಟು ಬಂದದ್ದು ಆಮೇಲೆ, ನದಿ ದಂಡೆಯ ‘ಶೋಧನೆಗಳ ಸ್ಮಾರಕ’ದ ಮುಂದೆ. 1960ರಲ್ಲಿ, ಸಲಜಾರನ ಸರ್ವಾಧಿಕಾರದ ಕಾಲದಲ್ಲಿ ನಿಲ್ಲಿಸಿದ ಕಾಂಕ್ರೀಟಿನ ಹಡಗು ಅದು. ಏನನ್ನು ಕಂಡುಹಿಡಿದರು? ಇವರು ಬರುವ ಮೊದಲೇ ಭಟ್ಕಳದ ಬಂದರಿನಲ್ಲಿ ಅರಬ್ಬಿ ಕುದುರೆಗಳು ಇಳಿಯುತ್ತಿದ್ದವು. ಗಾಮ ಅರಬ್ಬಿ ಸಮುದ್ರ ದಾಟಿದ್ದು ಕೂಡ ಆಫ್ರಿಕಾದ ಮಾಲಿಂದಿಯಲ್ಲಿ ಸಿಕ್ಕ, ದಾರಿ ಬಲ್ಲ ನಾವಿಕನನ್ನು ಕೂರಿಸಿಕೊಂಡು. ಹಾಗೆಂದು ನಮ್ಮವರು ಪಾಪದವರು ಅನ್ನುವ ಹಾಗೂ ಇಲ್ಲ. 1510ರಲ್ಲಿ ಗೋವೆಯ ಮೇಲೆ ಬೀಳು ಎಂದು ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕನಿಗೆ ದಾರಿ ತೋರಿಸಿದ ತಿಮ್ಮೋಜ ನಮ್ಮ ಹೊನ್ನಾವರದವನೇ.

ಸಿಟ್ಟಿಳಿಸಲು ಮಠದ ಪಕ್ಕದ ಅಂಗಡಿಯ ಪೇಸ್ಟ್ರಿ ತಿಂದೆ. 1837ರಿಂದ ಮಾಡುತ್ತಿದ್ದಾರಂತೆ. ಪದರ ಗರಿಗರಿ, ಒಳಗೆ ಮೊಟ್ಟೆಯ ಬಿಸಿ ಕೆನೆ. ಎರಡು ಸಾಕು, ಮೂರನೆಯದು ಅತಿಯಾಯಿತು.

ಮಧ್ಯಾಹ್ನ ಊರೊಳಕ್ಕೆ ಮರಳಿದೆ. 1755ರ ನವೆಂಬರ್ 1, ಸರ್ವ ಸಂತರ ಹಬ್ಬದ ಬೆಳಿಗ್ಗೆ, ಇಗರ್ಜಿಗಳೆಲ್ಲ ತುಂಬಿದ್ದಾಗ ಲಿಸ್ಬನ್ ನಡುಗಿತು. ಹಿಂದೆಯೇ ಸಮುದ್ರ ಏರಿ ಬಂತು, ಆಮೇಲೆ ದಿನಗಟ್ಟಲೆ ಬೆಂಕಿ. ಮಂತ್ರಿ ಪೊಂಬಾಲ್ ಬಯಲಿನ ಬಡಾವಣೆಯನ್ನು ಚೌಕಾಬಾರದ ಮನೆಗಳಂತೆ ಹೊಸದಾಗಿ ಕಟ್ಟಿಸಿದ. ಕಂಪನ ತಾಳಲೆಂದು ಗೋಡೆಗಳೊಳಗೆ ಮರದ ಪಂಜರ ಕೂರಿಸಿದ. ಮೇಲಿನ ಕಾರ್ಮೊ ಮಠಕ್ಕೆ ಮಾತ್ರ ಅಂದು ಬಿದ್ದ ಮಾಡನ್ನು ಇಂದಿಗೂ ಹೊದಿಸಿಲ್ಲ. ಕಮಾನುಗಳ ನಡುವೆ ಬರಿಯ ಆಕಾಶ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತದ್ದು ಸಾವೊ ದೊಮಿಂಗೋಸ್ ಇಗರ್ಜಿಯಲ್ಲಿ. ಪ್ರವಾಸಿಗರು ರೊಸಿಯು ಚೌಕದ ಅಲೆಯಲೆ ಕಲ್ಲುಹಾಸಿನ ಫೋಟೊ ತೆಗೆದು, ಪಕ್ಕದಲ್ಲೇ ಇರುವ ಇದನ್ನು ಬಿಟ್ಟು ಹೋಗುತ್ತಾರೆ. 1506ರಲ್ಲಿ ಯಹೂದಿಗಳ ಕೊಲೆ ಶುರುವಾದದ್ದು ಇಲ್ಲಿಂದ. ಹೊರಗೆ ಅದರ ನೆನಪಿನ ಕಲ್ಲಿದೆ. 1959ರಲ್ಲಿ ಒಳಗೆಲ್ಲ ಸುಟ್ಟುಹೋಯಿತು. ಮಾಡು ಹೊಸದಾಗಿ ಹಾಕಿದರೂ ಕಂಬಗಳನ್ನು ನುಣುಪು ಮಾಡಲಿಲ್ಲ. ಬೆಂಕಿಗೆ ಸಿಡಿದ ಕಲ್ಲು ಹಾಗೇ ಇದೆ. ಪೋರ್ಚುಗಲ್ಲಿನ ಇನ್‌ಕ್ವಿಸಿಷನ್, ಅಂದರೆ ಧರ್ಮದ ಹೆಸರಿನ ವಿಚಾರಣೆ, 1536ರಲ್ಲಿ ಶುರುವಾಗಿ 1560ರಲ್ಲಿ ಗೋವೆಗೂ ಬಂತು. ಕುಮಟೆ, ಹೊನ್ನಾವರದ ಕೊಂಕಣಿ ಮನೆಗಳಲ್ಲಿ ಅಜ್ಜಿಯಂದಿರು ಇಂದಿಗೂ ಹೇಳುವ, ರಾತ್ರೋರಾತ್ರಿ ದೇವರನ್ನು ಹೊತ್ತು ನದಿ ದಾಟಿದ ಕಥೆಗಳ ಬೇರು ಅಲ್ಲಿದೆ. ಗೆಳತಿ ಶೆಣೈ ಮನೆಯವಳು. ಅವಳಿಗೆ ಫೋಟೊ ಕಳಿಸೋಣವೆಂದು ಫೋನ್ ತೆಗೆದೆ, ಮತ್ತೆ ಒಳಗಿಟ್ಟೆ.

ಊರಿನ ಹಳೆಯ ಬಡಾವಣೆ ಅಲ್ಫಾಮದ ಇಳಿಜಾರಿನಲ್ಲಿ ಜಾರಿ ಮೊಣಕೈ ತರಚಿಕೊಂಡೆ. ಇಲ್ಲಿನ ಬಿಳಿ ಕಲ್ಲುಹಾಸು ನೋಡಲು ಚಂದ, ನಡೆಯಲು ಎಣ್ಣೆ ಹಚ್ಚಿದ ಹಾಗೆ. ಊಟದ ಮನೆಯ ಹುಡುಗ ‘ಒಬ್ಬರೇನಾ?’ ಎಂದು ಬೆರಳೆತ್ತಿ ಕೇಳಿ, ಮೂಲೆಯ ಜಾಗ ಬಿಟ್ಟು ಬಾಗಿಲ ಬಳಿಯ ಒಳ್ಳೆ ಜಾಗವನ್ನೇ ಕೊಟ್ಟ. ಕೆಂಡದ ಮೇಲೆ ಸುಟ್ಟ ತಾರ್ಲೆ ಬಂತು, ಮೈಗೆ ಬರೀ ಹರಳುಪ್ಪು. ಮೆಣಸಿನಕಾಯಿಯನ್ನು ನಮ್ಮ ಕರಾವಳಿಗೆ ಹೊತ್ತು ತಂದವರೇ ಇವರು. ತಮ್ಮ ಮೀನಿಗೆ ಒಂದು ಚಿಟಿಕೆ ಉಳಿಸಿಕೊಳ್ಳಲಿಲ್ಲ!

ಹೋಗುವವರಿಗೆ: ಜೆರೋನಿಮೋಸ್‌ಗೆ ಸೋಮವಾರ ರಜೆ. ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ. ಚೀಲದಲ್ಲಿ ಖಾರದ ಪುಡಿಯ ಪೊಟ್ಟಣವೊಂದು ಇರಲಿ.