ಪಾದವೆಂಬ ಕಮಾನು: ಕಣಕಾಲು ಮತ್ತು ಪಾದದ ಮೂಳೆ, ಕೀಲು, ಅಸ್ಥಿರಜ್ಜುಗಳು

ಶರೀರದ ಅವಯವಗಳಲ್ಲಿ ಅತ್ಯಧಿಕ ಭಾರವನ್ನು ಹೊರುವುದೂ ಅತ್ಯಲ್ಪ ಗಮನವನ್ನು ಪಡೆಯುವುದೂ ಪಾದವೇ. ಕಣ್ಣು ಮಂಜಾದರೆ, ಹಲ್ಲು ನೊಂದರೆ ತಡಮಾಡದೆ ವೈದ್ಯರಲ್ಲಿಗೆ ಧಾವಿಸುವ ಮನುಷ್ಯನು ಕಾಲು ಉಳುಕಿದಾಗ ಮಾತ್ರ “ಉಳುಕು ತಾನೆ, ನಾಲ್ಕು ದಿನದಲ್ಲಿ ಸರಿಹೋದೀತು” ಎಂದು ಎಣ್ಣೆ ತಿಕ್ಕಿಸಿಕೊಂಡು, ಕುಂಟುತ್ತಲೇ ಕೆಲಸಕ್ಕೆ ಹೊರಡುತ್ತಾನೆ. ಪಾದದ ಒಳಗೆ ಏನಿದೆಯೆಂಬುದನ್ನು ಅರಿಯದಿರುವುದೇ ಈ ಉದಾಸೀನಕ್ಕೆ ಮೂಲ ಕಾರಣ.

ಪಾದದ ಸಾಮರ್ಥ್ಯ ಎಷ್ಟೆಂಬುದಕ್ಕೆ ಗುಜರಾತಿನ ನೆಲವೇ ಸಾಕ್ಷಿಯಾಗಿದೆ. 1930ರ ಮಾರ್ಚ್ 12ರಂದು ಅಹಮದಾಬಾದಿನ ಸಾಬರಮತಿ ಆಶ್ರಮದಿಂದ ಹೊರಟ ಗಾಂಧೀಜಿಯವರು ನಡಿಯಾದ್, ಆನಂದ್, ಭರೂಚ್, ಸೂರತ್, ನವಸಾರಿಗಳ ಮಾರ್ಗವಾಗಿ ಸುಮಾರು 241 ಮೈಲಿ ನಡೆದು, ಏಪ್ರಿಲ್ 5ರಂದು ದಂಡಿಯ ಕಡಲತೀರವನ್ನು ಸೇರಿದರು. ಆಗ ಅವರಿಗೆ 60 ವರ್ಷ ತುಂಬಿತ್ತು. ಅವರೊಡನೆ ಹೊರಟ ಸತ್ಯಾಗ್ರಹಿಗಳಲ್ಲಿ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಒಬ್ಬರು. ಮುಂದೆ 1943ರಲ್ಲಿ ಹೊಸರಿತ್ತಿಯಲ್ಲಿ ಹುತಾತ್ಮರಾದ ಆ ವೀರ ಕನ್ನಡಿಗರಿಗೆ ದಂಡಿಯಾತ್ರೆಯ ಕಾಲದಲ್ಲಿ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಒಂದು ಹೆಜ್ಜೆಗೆ ಎರಡೂವರೆ ಅಡಿಯೆಂದು ಲೆಕ್ಕ ಹಿಡಿದರೆ ಈ ದೂರಕ್ಕೆ ಐದು ಲಕ್ಷಕ್ಕೂ ಮೀರಿದ ಹೆಜ್ಜೆಗಳಾಗುತ್ತವೆ. ಒಂದೊಂದು ಪಾದದ ಪಾಲಿಗೆ ಎರಡೂವರೆ ಲಕ್ಷ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಪಾದದ ಮೇಲೆ ದೇಹದ ತೂಕಕ್ಕಿಂತ ತುಸು ಹೆಚ್ಚೇ ಭಾರ ಬೀಳುತ್ತದೆ. ಅರವತ್ತರ ವೃದ್ಧರೂ ಹದಿಹರೆಯದ ತರುಣರೂ ಸಮನಾಗಿ ಈ ಭಾರವನ್ನು ಹೊತ್ತು ನಡೆದರೆಂದರೆ, ಅದನ್ನು ತಾಳಿಕೊಂಡ ರಚನೆ ಸಾಮಾನ್ಯವಾದುದಲ್ಲ.

ಮೂಳೆಗಳ ಜೋಡಣೆ

ಹೊರಗಿನಿಂದ ಒಂದೇ ತುಂಡಿನಂತೆ ಕಾಣುವ ಪಾದದಲ್ಲಿ 26 ಮೂಳೆಗಳಿವೆ. ಎರಡೂ ಪಾದಗಳಲ್ಲಿ ಸೇರಿ 52. ವಯಸ್ಕ ಮನುಷ್ಯನ ದೇಹದಲ್ಲಿರುವ ಒಟ್ಟು ಮೂಳೆಗಳು 206. ಅಂದರೆ ಸರಿಸುಮಾರು ಕಾಲುಭಾಗ ಮೂಳೆಗಳು ಕಾಲಡಿಯಲ್ಲೇ ಇವೆ!

ಪಾದದ ಹಿಂಭಾಗ ಹಾಗೂ ಮಧ್ಯಭಾಗದಲ್ಲಿ ಗಿಡ್ಡನೆಯ 7 ಮೂಳೆಗಳಿವೆ. ಇವುಗಳಲ್ಲಿ ಅತಿ ದೊಡ್ಡದು ಹಿಮ್ಮಡಿಯ ಮೂಳೆ. ಅದರ ಮೇಲೆ ಕುಳಿತಿರುವುದು ಟಾಲಸ್ ಎಂಬ ಮೂಳೆ. ಇದರ ಮುಂದೆ ಒಳಬದಿಗೆ ದೋಣಿಯಾಕಾರದ ಮೂಳೆ, ಹೊರಬದಿಗೆ ಘನಾಕಾರದ ಮೂಳೆ, ಇವುಗಳಿಗೆ ಹೊಂದಿಕೊಂಡು ಬೆಣೆಯಾಕಾರದ ಮೂರು ಮೂಳೆಗಳು. ಅಲ್ಲಿಂದ ಮುಂದಕ್ಕೆ ನೀಳವಾದ 5 ಮೂಳೆಗಳು ಬೆರಳುಗಳ ಬುಡದವರೆಗೆ ಚಾಚಿವೆ. ಹೆಬ್ಬೆರಳಿಗೆ 2, ಉಳಿದ ಬೆರಳುಗಳಿಗೆ ತಲಾ 3ರಂತೆ ಬೆರಳೆಲುಬುಗಳು 14.

ಟಾಲಸ್ ಮೂಳೆಯದು ವಿಚಿತ್ರ ಸ್ಥಾನ. ಇದಕ್ಕೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಮೇಲಿನಿಂದ ಇಳಿದು ಬಂದ ದೇಹಭಾರವನ್ನು ಜಮಾ ಮಾಡಿಕೊಂಡು ಹಿಮ್ಮಡಿಗೂ ಮುಂಗಾಲಿಗೂ ಹಂಚಿಕೊಡುವುದೇ ಇದರ ಕಾರ್ಯ. ಇದರ ಮೈಯ ಬಹುಭಾಗ ನುಣುಪಾದ ಮೃದ್ವಸ್ಥಿಯಿಂದ ಮುಚ್ಚಿರುವುದರಿಂದ ರಕ್ತನಾಳಗಳು ಒಳಹೊಗುವ ದಾರಿಗಳು ಕಡಿಮೆ. ಆದಕಾರಣ ಈ ಮೂಳೆಯ ಕುತ್ತಿಗೆ ಮುರಿದರೆ ಕೂಡಿಕೊಳ್ಳುವುದು ಕಷ್ಟಸಾಧ್ಯ.

ಕೀಲುಗಳು ಮತ್ತು ಅಸ್ಥಿರಜ್ಜುಗಳು

ಮೊಣಕಾಲಿನ ಕೆಳಗಿನ ಎರಡು ಮೂಳೆಗಳ ತುದಿಗಳೇ ಕಣಕಾಲಿನ ಇಬ್ಬದಿಯಲ್ಲೂ ಗುಬುಟುಗಳಾಗಿ ಕಾಣುತ್ತವೆ. ಬಡಗಿಯು ಒಂದು ಮರದ ತುಂಡನ್ನು ಇನ್ನೊಂದರ ಗೂಡಿನಲ್ಲಿ ಕೂರಿಸುವಂತೆ, ಈ ಎರಡು ಗುಬುಟುಗಳ ನಡುವೆ ಟಾಲಸ್ ಕುಳಿತಿದೆ. ಇದೇ ಕಣಕಾಲಿನ ಕೀಲು. ಪಾದವನ್ನು ಮೇಲಕ್ಕೂ ಕೆಳಕ್ಕೂ ಬಾಗಿಸುವುದು ಇದರ ಕೆಲಸ. ಟಾಲಸ್ಸಿಗೂ ಹಿಮ್ಮಡಿಗೂ ನಡುವಿನ ಕೀಲು ಪಾದವನ್ನು ಒಳಕ್ಕೂ ಹೊರಕ್ಕೂ ವಾಲಿಸುತ್ತದೆ. ಏರುತಗ್ಗಿನ ಹಾದಿಯಲ್ಲಿ ಮುಗ್ಗರಿಸದೆ ನಡೆಯಲು ಸಾಧ್ಯವಾಗಿರುವುದು ಇದರಿಂದಲೇ.

ಸ್ನಾಯುವನ್ನು ಮೂಳೆಗೆ ಬಂಧಿಸುವುದು ಸ್ನಾಯುರಜ್ಜು. ಮೂಳೆಯನ್ನು ಮೂಳೆಗೆ ಬಂಧಿಸುವುದು ಅಸ್ಥಿರಜ್ಜು. ಕಣಕಾಲಿನ ಒಳಬದಿಯಲ್ಲಿ ಬೀಸಣಿಗೆಯಂತೆ ಹರಡಿದ ಬಲವಾದ ಅಸ್ಥಿರಜ್ಜು ಇದೆ. ಹೊರಬದಿಯಲ್ಲಿ ಇರುವುದು ಮುಂದೊಂದು, ನಡುವೆ ಒಂದು, ಹಿಂದೊಂದರಂತೆ ಬಿಡಿಬಿಡಿಯಾದ ಮೂರು ಪಟ್ಟಿಗಳು. ಹೊರಗುಬುಟು ಒಳಗುಬುಟಿಗಿಂತ ಕೆಳಗೆ ಇಳಿದಿರುವುದರಿಂದ ಪಾದವು ಹೊರಮುಖವಾಗಿ ಹೊರಳುವುದು ಅಪರೂಪ, ಒಳಮುಖವಾಗಿ ಹೊರಳುವುದು ಸುಲಭ. ಹಾಗೆ ಹೊರಳಿದಾಗ ಮೊದಲು ಎಳೆತಕ್ಕೆ ಸಿಕ್ಕಿ ಹರಿಯುವುದು ಹೊರಬದಿಯ ಮುಂದಿನ ಪಟ್ಟಿ.

ಮೂರು ಕಮಾನುಗಳು

ಅಹಮದಾಬಾದಿನ ತೀನ್ ದರವಾಜಾ ಮೂರು ಕಮಾನುಗಳ ಮೇಲೆ ನಿಂತಿದೆ. ಪಾದಕ್ಕೂ ಮೂರು ಕಮಾನುಗಳಿವೆ: ಒಳಬದಿಯ ಎತ್ತರದ ಕಮಾನು, ಹೊರಬದಿಯ ತಗ್ಗು ಕಮಾನು, ಅಡ್ಡ ಕಮಾನು. ಆದರೆ ಕಲ್ಲಿನ ಕಮಾನು ಅಲುಗದೆ ನಿಲ್ಲಬೇಕು. ಪಾದದ ಕಮಾನು ಅಲುಗುತ್ತಲೇ ನಿಲ್ಲಬೇಕು. ಹೆಜ್ಜೆ ಊರಿದಾಗ ಅದು ತುಸು ತಗ್ಗಿ ಹೊಡೆತವನ್ನು ನುಂಗುತ್ತದೆ. ಹಿಮ್ಮಡಿ ಎದ್ದು ಬೆರಳುಗಳು ಬಾಗಿದಾಗ, ಹಿಮ್ಮಡಿಯಿಂದ ಬೆರಳಬುಡದವರೆಗೆ ಹರಡಿರುವ ಅಂಗಾಲಿನ ದಪ್ಪ ಪಟ್ಟಿ ಬಿಗಿದು, ಕಮಾನು ಮೇಲೇರಿ, ಇಡೀ ಪಾದ ಸನ್ನೆಗೋಲಿನಂತೆ ಗಟ್ಟಿಯಾಗುತ್ತದೆ. ಮೆತ್ತಗಾಗುವುದು, ಗಟ್ಟಿಯಾಗುವುದು ಎಂಬ ಈ ಎರಡು ಗುಣಗಳ ಪರ್ಯಾಯವೇ ನಡಿಗೆ. ಸೂರತ್ತಿನ ಪವರ್‌ಲೂಮುಗಳ ಮುಂದೆ ಗಂಟೆಗಟ್ಟಲೆ ನಿಲ್ಲುವವರಲ್ಲಿ, ಅಡಿಗೆಮನೆಯ ಗಟ್ಟಿ ನೆಲದ ಮೇಲೆ ದಿನವಿಡೀ ಓಡಾಡುವ ಗೃಹಿಣಿಯರಲ್ಲಿ ಅಂಗಾಲಿನ ಪಟ್ಟಿ ದಣಿಯುತ್ತದೆ. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಚುಚ್ಚುವ ನೋವೇ ಅದರ ಕುರುಹು.

ಗರ್ಬಾ ಮತ್ತು ಉಳುಕು

ನವರಾತ್ರಿಯ ಒಂಬತ್ತು ರಾತ್ರಿಗಳಂದು ಅಹಮದಾಬಾದ್, ವಡೋದರಾ, ಸೂರತ್‌ಗಳ ಮೈದಾನಗಳು ಗರ್ಬಾ ನೃತ್ಯದಿಂದ ತುಂಬಿತುಳುಕುತ್ತವೆ. 2023ರಲ್ಲಿ ಯುನೆಸ್ಕೋ ಸಂಸ್ಥೆಯ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಈ ನೃತ್ಯದಲ್ಲಿ ಇಲ್ಲಿನ ಕನ್ನಡಿಗರ ಮಕ್ಕಳೂ ಉತ್ಸಾಹದಿಂದ ಹೆಜ್ಜೆ ಹಾಕುತ್ತಾರೆ. ಚಪ್ಪಾಳೆಯೊಡನೆ ಸುತ್ತುವಾಗ, ಹಾರಿ ಇಳಿಯುವಾಗ ಬೆರಳುಗಳು ಕೆಳಮುಖವಾಗಿ ಚಾಚಿರುತ್ತವೆ. ಟಾಲಸ್ಸಿನ ನೆತ್ತಿ ಮುಂದೆ ಅಗಲ, ಹಿಂದೆ ಕಿರಿದು. ಬೆರಳು ಕೆಳಕ್ಕೆ ಚಾಚಿದಾಗ ಈ ಕಿರಿದಾದ ಭಾಗ ಗೂಡಿನೊಳಗೆ ಬರುವುದರಿಂದ ಕೀಲು ಸಡಿಲವಾಗಿರುತ್ತದೆ. ಆ ಕ್ಷಣದಲ್ಲಿ ಒಂದು ಹಳ್ಳವೋ ಪಕ್ಕದವರ ಪಾದವೋ ಅಡ್ಡಬಂದರೆ ಸಾಕು, ಪಾದ ಒಳಕ್ಕೆ ಹೊರಳುತ್ತದೆ. ಗುಜರಾತಿನಲ್ಲಿ ಮೋಚ್ ಎಂದೂ ಕನ್ನಡದಲ್ಲಿ ಉಳುಕು ಎಂದೂ ಕರೆಯುವುದು ಇದನ್ನೇ.

ಉಳುಕು ಎಂದರೆ ಎಲ್ಲಿಯೋ ನರ ಸರಿದಿರುವುದಲ್ಲ, ಅಸ್ಥಿರಜ್ಜು ಹರಿದಿರುವುದು. ಹರಿದುದನ್ನು ಬಲವಾಗಿ ತಿಕ್ಕಿದರೆ ರಕ್ತಸ್ರಾವವೂ ಬಾವೂ ಹೆಚ್ಚುತ್ತವೆಯೇ ಹೊರತು ಗುಣವಾಗುವುದಿಲ್ಲ. ಮೊದಲ ಎರಡು ಮೂರು ದಿನ ಎಣ್ಣೆ ತಿಕ್ಕುವುದು, ಶಾಖ ಕೊಡುವುದು ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಡುವುದು, ಹದವಾಗಿ ಕ್ರೇಪ್ ಬ್ಯಾಂಡೇಜು ಸುತ್ತುವುದು, ದಿಂಬಿನ ಮೇಲೆ ಕಾಲನ್ನು ಎತ್ತರಿಸುವುದು ಯುಕ್ತ.

ಮೂಳೆ ಮುರಿದಿರುವ ಶಂಕೆ ಯಾವಾಗ? ಆಸರೆಯಿಲ್ಲದೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ. ಗುಬುಟುಗಳ ಹಿಂಅಂಚನ್ನೋ ತುದಿಯನ್ನೋ, ಕಿರುಬೆರಳಿನ ನೇರಕ್ಕೆ ಪಾದದ ಹೊರಬದಿಯ ನಡುವೆ ಉಬ್ಬಿರುವ ಮೂಳೆಯನ್ನೋ, ಒಳಬದಿಯ ದೋಣಿಯಾಕಾರದ ಮೂಳೆಯನ್ನೋ ಒತ್ತಿದಾಗ ನೋವಾದರೆ, ಎಕ್ಸ್-ರೇ ತೆಗೆಸುವುದು ಅವಶ್ಯ. ಮಧುಮೇಹಿಗಳಂತೂ ನೋವಿಲ್ಲವೆಂದು ಸುಮ್ಮನಿರಲಾಗದು. ಸ್ಪರ್ಶಜ್ಞಾನ ಕುಂದಿದ ಪಾದದಲ್ಲಿ ಮೂಳೆಗಳು ಸದ್ದಿಲ್ಲದೆ ಮುರಿದು ಕಮಾನೇ ಕುಸಿಯಬಹುದು. ಪಾದ ಊದಿ, ಬಿಸಿಯಾಗಿ, ಕೆಂಪೇರಿದ್ದರೆ ಭಾರ ಹಾಕದೆ ಅಂದೇ ವೈದ್ಯರನ್ನು ಕಾಣಬೇಕು.

ಬಾವು ಇಳಿದ ಮಾತ್ರಕ್ಕೆ ಕಾಲು ಗುಣವಾಯಿತೆಂದು ತಿಳಿಯಬಾರದು. ಅಸ್ಥಿರಜ್ಜುವಿಗೆ ರಕ್ತಸಂಚಾರ ಕಡಿಮೆ. ಅದು ಬಲಗೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಮೇಲಾಗಿ ಪಾದ ಯಾವ ಭಂಗಿಯಲ್ಲಿದೆಯೆಂದು ಮಿದುಳಿಗೆ ತಿಳಿಸುವ ನರತುದಿಗಳೂ ಅದರಲ್ಲಿವೆ. ಈ ಅರಿವು ಮಸುಕಾದ ಕಾಲು ಮತ್ತೆ ಮತ್ತೆ ಉಳುಕುತ್ತದೆ. ವರ್ಷಗಳ ಮೇಲೆ ಕೀಲಿನ ಸವೆತಕ್ಕೂ ಇದೇ ದಾರಿಯಾಗಬಹುದು. ಆದ್ದರಿಂದ ನೋವು ತಗ್ಗಿದೊಡನೆ ಪಾದವನ್ನು ಮೆಲ್ಲಗೆ ಆಡಿಸುವುದು, ಬಳಿಕ ಗೋಡೆಯ ಆಸರೆಯಲ್ಲಿ ಒಂಟಿಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು, ಹಿಮ್ಮಡಿಯೆತ್ತಿ ಇಳಿಸುವುದು ಇವುಗಳನ್ನು ದಿನವೂ ಅಭ್ಯಾಸ ಮಾಡಬೇಕು.

ಹುಟ್ಟಿದೂರಿನಿಂದ ನೂರಾರು ಮೈಲಿ ದೂರಕ್ಕೆ ಕರೆತಂದು ನೆಲೆ ನಿಲ್ಲಿಸಿದ ಪಾದಗಳಿವು. ಮುರಿದ ಮೂಳೆಗೆ ಕೊಡುವ ಗೌರವವನ್ನು ಹರಿದ ಅಸ್ಥಿರಜ್ಜುವಿಗೂ ಕೊಟ್ಟಲ್ಲಿ, ಮುಪ್ಪಿನಲ್ಲಿಯೂ ಅವು ಸ್ವತಂತ್ರವಾಗಿ ನಡೆಸಿಯಾವು.