ಲಿನಕ್ಸ್‌ನಲ್ಲಿ ಎರಡು ಆ್ಯಪ್ ಒಟ್ಟಿಗೆ ಸದ್ದು ಮಾಡಲ್ಲವೇ? ಸೌಂಡ್ ಕಾರ್ಡ್ ಬದಲಿಸುವ ಮುನ್ನ ಇದನ್ನು ಓದಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿಸಿಕೊಂಡವರಿದ್ದಾರೆ. ಹೊಸಪೇಟೆಯಲ್ಲೋ ಕಂಪ್ಲಿಯಲ್ಲೋ ಅಂಥದ್ದೊಂದು ಮನೆ ಎಂದುಕೊಳ್ಳಿ. ಮಗಳು ಆಡಾಸಿಟಿಯಲ್ಲಿ ಹಾಡು ರೆಕಾರ್ಡ್ ಮಾಡುತ್ತಿದ್ದಾಳೆ. ಯೂಟ್ಯೂಬ್ ತೆರೆದರೆ ಸದ್ದೇ ಇಲ್ಲ. "ಲಿನಕ್ಸ್ ಅಂದ್ರೆ ಹಾಗೇ, ಒಂದು ಸಲಕ್ಕೆ ಒಂದೇ ಆ್ಯಪ್. ಇಲ್ಲಾಂದ್ರೆ ಸೌಂಡ್ ಕಾರ್ಡ್ ಹೋಗಿದೆ" ಎಂದು ಯಾರೋ ಹೇಳುತ್ತಾರೆ.

ಇದು ನಿಜವೇ? ಅಲ್ಲ. ಆದರೆ ಈ ಮಾತಿಗೆ ಒಂದು ಕಾರಣವಿದೆ.

ಹಂಪಿ ಉತ್ಸವದ ವೇದಿಕೆ ನೆನಪಿಸಿಕೊಳ್ಳಿ. ಗಾಯಕರಿಗೊಂದು ಮೈಕು, ತಬಲಾಕ್ಕೊಂದು ಮೈಕು. ಮಿಕ್ಸರ್ ಮುಂದೆ ಕೂತವರು ಎಲ್ಲವನ್ನೂ ಸೇರಿಸಿ ಸ್ಪೀಕರ್‌ಗೆ ಕಳಿಸುತ್ತಾರೆ. ಲಿನಕ್ಸ್‌ನಲ್ಲಿ ಆ ಕೆಲಸ ಸೌಂಡ್ ಸರ್ವರ್‌ನದು. ಉಬುಂಟುವಿನಲ್ಲಿ 2008ರಿಂದ ಇದನ್ನು ಪಲ್ಸ್‌ಆಡಿಯೋ ಮಾಡುತ್ತಿತ್ತು. 2022ರ 22.10 ಆವೃತ್ತಿಯಿಂದ ಪೈಪ್‌ವೈರ್ ಮಾಡುತ್ತಿದೆ. ಯಾವುದಾದರೂ ಆ್ಯಪ್ ಈ ಸರ್ವರನ್ನು ಬಿಟ್ಟು ನೇರವಾಗಿ ಸೌಂಡ್ ಕಾರ್ಡನ್ನೇ ಹಿಡಿದುಕೊಂಡರೆ, ಸಾಮಾನ್ಯವಾಗಿ ಉಳಿದವಕ್ಕೆ ಅದು ಸಿಗುವುದಿಲ್ಲ. ಕಾರ್ಡ್ ಹಾಳಾಗಿಲ್ಲ, ಬೇರೆಯವರ ಕೈಯಲ್ಲಿದೆ ಅಷ್ಟೇ.

ಏನು ಮಾಡಬೇಕು?

1. ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ತೆರೆದು ಔಟ್‌ಪುಟ್ ಯಾವುದಿದೆ ನೋಡಿ. ಟಿವಿ ಅಥವಾ ಪ್ರೊಜೆಕ್ಟರ್‌ಗೆ ಎಚ್‌ಡಿಎಂಐ ಕೇಬಲ್ ಹಾಕಿದ್ದರೆ ಸದ್ದು ಅಲ್ಲಿಗೆ ಹೋಗಿರಬಹುದು. ಅಲ್ಲೇ ಪ್ರತಿ ಆ್ಯಪ್‌ನ ವಾಲ್ಯೂಮ್ ಬೇರೆ ಬೇರೆ ಇರುತ್ತದೆ. ಒಂದು ಮಾತ್ರ ಮ್ಯೂಟ್ ಆಗಿದೆಯೇ ಗಮನಿಸಿ.

2. ಸದ್ದು ಬಳಸುವ ಆ್ಯಪ್‌ಗಳನ್ನು ಒಂದೊಂದಾಗಿ ಮುಚ್ಚಿ. ಯಾವುದನ್ನು ಮುಚ್ಚಿದಾಗ ಸದ್ದು ಮರಳಿತೋ, ಕಾರ್ಡ್ ಹಿಡಿದಿದ್ದು ಅದೇ.

3. ಅದು ಆಡಾಸಿಟಿಯಾದರೆ, ಅದರ ಆಡಿಯೋ ಸೆಟ್ಟಿಂಗ್‌ನಲ್ಲಿ ಕಾರ್ಡ್‌ನ ಹೆಸರಿನ ಬದಲು 'ಡೀಫಾಲ್ಟ್' ಅಥವಾ 'ಪಲ್ಸ್' ಆರಿಸಿ. ಪ್ಲೇಬ್ಯಾಕ್, ರೆಕಾರ್ಡಿಂಗ್ ಎರಡಕ್ಕೂ ಹೀಗೇ ಮಾಡಿ.

4. ಆಗಲೂ ಆಗದಿದ್ದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಸೌಂಡ್ ಸರ್ವರ್ ಹೊಸದಾಗಿ ಶುರುವಾಗುತ್ತದೆ.

ಇಷ್ಟಾದರೂ ಯಾವ ಆ್ಯಪ್‌ನಿಂದಲೂ ಸದ್ದಿಲ್ಲವೇ? ದುಡ್ಡು ಕೊಡುವ ಮೊದಲು ಇನ್ನೊಂದು ಪರೀಕ್ಷೆ ಇದೆ. ಉಬುಂಟು ಇರುವ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆನ್ ಮಾಡಿ, 'ಟ್ರೈ' ಆಯ್ಕೆ ಒತ್ತಿ. 'ಇನ್‌ಸ್ಟಾಲ್' ಒತ್ತಬೇಡಿ, ಫೈಲುಗಳು ಅಳಿಸಿಹೋಗಬಹುದು. ಅಲ್ಲಿ ಸದ್ದು ಬಂದರೆ ಕಾರ್ಡ್ ಚೆನ್ನಾಗಿದೆ, ತೊಂದರೆ ಸೆಟ್ಟಿಂಗ್‌ನಲ್ಲಿದೆ. ಅಲ್ಲೂ ಬರದಿದ್ದರೆ ಮಾತ್ರ ರಿಪೇರಿಯವರಿಗೆ ತೋರಿಸಿ.

ಇನ್ನು, "ಲಿನಕ್ಸ್‌ಗೆ ಇದೆಲ್ಲ ಬರಲ್ಲ" ಎನ್ನುವವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್‌ನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ಹಾಡು ಓಡುತ್ತಿರುವಾಗಲೇ ಮ್ಯಾಪ್ "ಎಡಕ್ಕೆ ತಿರುಗಿ" ಎನ್ನುತ್ತದಲ್ಲ? ಅಲ್ಲೂ ಆಡಿಯೋಫ್ಲಿಂಗರ್ ಎಂಬ ಮಿಕ್ಸರ್ ಇದೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳೂ ಕಂಪ್ಯೂಟರ್ ಕಲಿಯುತ್ತಿರುವುದು ಲಿನಕ್ಸ್‌ನಲ್ಲೇ.

ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸಿಕೊಂಡ ಗೆಳೆಯರಿದ್ದರೆ ಇದನ್ನು ಅವರಿಗೂ ಕಳಿಸಿ.